ಮುದ್ರೆ ಬೀಳದ ಟಿಕೀಟು

ಕಾವಲುಗಾರನು ಎದುರಿಗೆ ನಿಂತಿರುವಾಗ ಪ್ರಾಮಾಣಿಕನಾಗಿರುವುದು ಯಾರಿಗೂ ಕಷ್ಟದ ಕೆಲಸವಲ್ಲ. ಕಾವಲಿಲ್ಲದ ಕಡೆಯಲ್ಲಿ, ಒಡೆಯನೇ ಕಣ್ಣಿಗೆ ಕಾಣದ ವಸ್ತುವಿನ ವಿಷಯದಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಿಂದಲೇ ಆತನ ನಡತೆಯ ತೂಕ ತಿಳಿಯುತ್ತದೆ. ನೆರೆಯವನ ಹೊಲದ ಬದುವನ್ನು ಒಂದು ಗೇಣು ಒತ್ತಲು ಹೆದರುವವನು ಊರ ಗೋಮಾಳವನ್ನು ಒತ್ತುವಾಗ ಹೆದರುವುದಿಲ್ಲ. ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ ಎಂಬ ಈ ಬಗೆಯ ಲೆಕ್ಕಾಚಾರ ಒಂದು ಊರಿಗೆ, ಒಂದು ದೇಶಕ್ಕೆ ಸೀಮಿತವಾದುದಲ್ಲ. ಇಟಲಿಯ ರಾಜಧಾನಿಯಾದ ರೋಮಿನಿಂದ ಕಡಲ ತಡಿಗೆ ಹೋಗುವ ಒಂದು ಸಣ್ಣ ರೈಲು ದಾರಿಯಲ್ಲಿ ಅದು ಎಷ್ಟು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಒಬ್ಬ ವೃದ್ಧ ಪ್ರಯಾಣಿಕನು ಒಂದೇ ದಿನದಲ್ಲಿ ಕಂಡನು. ಅಷ್ಟೇ ಅಲ್ಲ, ಅದರ ಒಂದು ಸಣ್ಣ ತುಣುಕನ್ನು ತನ್ನ ಜೇಬಿನಲ್ಲಿಯೇ ಕಂಡನು.

ಅದು 2018ರ ಜುಲೈ ತಿಂಗಳು. ದವಸದ ಮಂಡಿಯಲ್ಲಿ ನಲವತ್ತು ವರ್ಷಗಳನ್ನು ಕಳೆದು ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿದ್ದ ಆತನು ಕೆಲವು ದಿನಗಳ ಮಟ್ಟಿಗೆ ರೋಮಿನಲ್ಲಿ ತಂಗಿದ್ದನು. ಬಿಸಿಲು ಕಠೋರವಾಗಿತ್ತು. ಕಡಲನ್ನು ನೋಡಬೇಕೆಂದಾಗ ಬಾಡಿಗೆ ಮೋಟಾರು ಗೊತ್ತುಮಾಡಿಕೊಳ್ಳಿರೆಂದು ಜೊತೆಯವರು ಸಲಹೆ ನೀಡಿದರು. ಆತನು ಒಪ್ಪಲಿಲ್ಲ. ಊರಿನ ಜನ ಹೋಗುವ ದಾರಿಯಲ್ಲಿಯೇ ಹೋಗಬೇಕು, ಆಗಲೇ ಊರು ತಿಳಿಯುತ್ತದೆ ಎಂಬುದು ಆತನ ಹಳೆಯ ನಂಬಿಕೆ.

ರೋಮಿನ ಕಡಲ ಬಡಾವಣೆಯ ಹೆಸರು ಓಸ್ತಿಯಾ. ಲ್ಯಾಟಿನ್ ಭಾಷೆಯಲ್ಲಿ ಬಾಯಿ ಎಂಬರ್ಥ ಕೊಡುವ ಮಾತಿನಿಂದ ಬಂದ ಹೆಸರು ಅದು. ತಿಬರ್ ನದಿ ಸಮುದ್ರವನ್ನು ಸೇರುವ ಬಾಯಿ ಅಲ್ಲಿದೆ. ಅಲ್ಲಿಗೆ ಹೋಗುವ ರೈಲು ಪೋರ್ತಾ ಸಾನ್ ಪಾವೊಲೊ ಎಂಬ ನಿಲ್ದಾಣದಿಂದ ಹೊರಡುತ್ತದೆ. ನಿಲ್ದಾಣದ ಎದುರಿಗೇ ಸುಮಾರು 36 ಮೀಟರು ಎತ್ತರದ ಒಂದು ಬಿಳಿಯ ಪಿರಮಿಡ್ಡು ನಿಂತಿದೆ. ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯಲ್ಲಿ ಗಾಯುಸ್ ಚೆಸ್ತಿಯುಸ್ ಎಂಬ ಶ್ರೀಮಂತನ ಸಮಾಧಿಯಾಗಿ ಕಟ್ಟಿದುದು. ಆತನ ಮರಣಶಾಸನದಂತೆ 330 ದಿನಗಳಲ್ಲಿ ಕೆಲಸವನ್ನು ಮುಗಿಸಲಾಯಿತೆಂದು ಅದರ ಮೇಲೆ ಕೆತ್ತಲಾಗಿದೆ. ಒಬ್ಬನೇ ಒಬ್ಬನ ಹೆಸರಿಗಾಗಿ ಕಟ್ಟಿದ ಆ ಕಲ್ಲಿನ ರಾಶಿಯ ನೆರಳಿನಿಂದ ದಿನವೂ ಸಾವಿರಾರು ಜನರನ್ನು ಹೊತ್ತು ರೈಲು ಹೊರಡುತ್ತದೆ.

ಈ ರೈಲು ಮಾರ್ಗ ಪ್ರಾರಂಭವಾದದ್ದು 1924ರ ಆಗಸ್ಟ್ 10ರಂದು. ಮೊದಲ ವರ್ಷ ಉಗಿಬಂಡಿ ಓಡಿತು. 1925ರಲ್ಲಿ ವಿದ್ಯುತ್ ಬಂದಿತು. ಕೊನೆಯ ನಿಲ್ದಾಣವಾದ ಕ್ರಿಸ್ತೋಫೊರೊ ಕೊಲೊಂಬೊದವರೆಗೆ ಒಟ್ಟು 28 ಕಿಲೋಮೀಟರು. ಸ್ವಂತ ವಾಹನವಿಲ್ಲದ ಕುಟುಂಬವೂ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟು ಅರ್ಧ ಗಂಟೆಯಲ್ಲಿ ಸಮುದ್ರದ ಬಳಿ ಇಳಿಯಬಹುದು. ಉಳ್ಳವರಿಗೆ ಮೀಸಲಾಗಿದ್ದ ಕಡಲ ಗಾಳಿಯನ್ನು ಕೂಲಿಕಾರನ ಮಕ್ಕಳಿಗೂ ದೊರಕಿಸಿದುದು ಈ ಸಾಧಾರಣ ರೈಲು.

ಇದರ ಟಿಕೀಟಿನ ಏರ್ಪಾಡು ಗಮನಿಸತಕ್ಕದ್ದು. ಆಗ ಒಂದೂವರೆ ಯುರೋ ಬೆಲೆಯ ಒಂದು ಕಾಗದದ ತುಂಡು ರೈಲು, ಬಸ್ಸು, ಟ್ರಾಮುಗಳಿಗೆಲ್ಲ ಸಲ್ಲುತ್ತಿತ್ತು. ತಂಬಾಕಿನ ಅಂಗಡಿಗಳಲ್ಲಿಯೂ ಅದನ್ನು ಮಾರುತ್ತಿದ್ದರು. ಕೊಂಡ ಮಾತ್ರಕ್ಕೆ ಅದು ಟಿಕೀಟಾಗುವುದಿಲ್ಲ. ಪ್ರಯಾಣಿಕನೇ ಅದನ್ನು ಯಂತ್ರದ ಬಾಯಿಗಿಟ್ಟು ಮುದ್ರೆ ಒತ್ತಿಸಬೇಕು. ಮುದ್ರೆ ಬಿದ್ದ ಗಳಿಗೆಯಿಂದ 100 ನಿಮಿಷಗಳ ಕಾಲ ಅದಕ್ಕೆ ಜೀವ. ರೈಲು ನಿಲ್ದಾಣದಲ್ಲಿ ಯಂತ್ರವಿರುವುದು ಬಾಗಿಲಿನಲ್ಲಿಯೇ, ಮುದ್ರೆ ಬೀಳದೆ ಬಾಗಿಲು ತೆರೆಯುವುದಿಲ್ಲ. ಬಸ್ಸಿನಲ್ಲಿ ಹಾಗಲ್ಲ. ಅಲ್ಲಿ ಕಂಡಕ್ಟರನಿಲ್ಲ, ಚಾಲಕನು ಹಿಂದಿರುಗಿ ನೋಡುವುದಿಲ್ಲ. ಹಳದಿಯ ಪೆಟ್ಟಿಗೆಯೊಂದು ಕಂಬಕ್ಕೆ ಅಂಟಿಕೊಂಡು ಸುಮ್ಮನೆ ಕಾಯುತ್ತಿರುತ್ತದೆ. ತಪಾಸಣೆಯವರು ಎಂದಾದರೊಮ್ಮೆ ಬಂದರೆ ದಂಡ, ಬಾರದಿದ್ದರೆ ಕೇಳುವವರಿಲ್ಲ. ಅದೇ ಟಿಕೀಟನ್ನು ಮರುದಿನವೂ ಬಳಸಬಹುದು. ಹೀಗೆ ಬಸ್ಸನ್ನೇರಿದವನು ತನಗೆ ತಾನೇ ಕಂಡಕ್ಟರನಾಗಬೇಕಾಗುತ್ತದೆ.

ಆತನು ಬೆಳಿಗ್ಗೆ ಐದು ಟಿಕೀಟುಗಳನ್ನು ಕೊಂಡನು. ಮೊದಲನೆಯದಕ್ಕೆ ನಿಲ್ದಾಣದ ಬಾಗಿಲಲ್ಲಿ ಮುದ್ರೆ ಒತ್ತಿಸಿ, ಕಡಲಿಗೆ ಮುಂಚೆಯೇ ಸಿಗುವ ಓಸ್ತಿಯಾ ಆಂತಿಕಾದಲ್ಲಿ, ಎಂದರೆ ಹಳೆಯ ಓಸ್ತಿಯಾದಲ್ಲಿ ಇಳಿದನು. ಅಲ್ಲಿ ಪ್ರಾಚೀನ ರೋಮಿನ ಬಂದರು ನಗರದ ಅವಶೇಷಗಳಿವೆ. ನದಿ ತಂದು ಸುರಿದ ಹೂಳಿನಿಂದ ಸಮುದ್ರವು ಅಲ್ಲಿಂದ ಕೆಲವು ಕಿಲೋಮೀಟರು ಹಿಂದೆ ಸರಿದಿದೆ. ರಂಗಮಂದಿರದ ಹಿಂಬದಿಯ ದೊಡ್ಡ ಚೌಕದ ಸುತ್ತಲೂ ವರ್ತಕರ ಮತ್ತು ಹಡಗಿನ ಒಡೆಯರ ಸಾಲು ಕೋಣೆಗಳು. ಒಂದೊಂದರ ಮುಂದೆಯೂ ನೆಲದಲ್ಲಿ ಕಪ್ಪು ಬಿಳುಪು ಕಲ್ಲುಹರಳುಗಳ ಚಿತ್ರ: ಹಡಗು, ದೀಪಸ್ತಂಭ, ಆನೆ, ಧಾನ್ಯದ ಅಳತೆ. ಅಕ್ಷರ ಬಾರದ ಗಿರಾಕಿಗೂ ಇದು ಯಾವ ಊರಿನವರ ಅಂಗಡಿ, ಇಲ್ಲಿ ಯಾವ ಸರಕು ಎಂಬುದು ತಿಳಿಯುವಂತಿದೆ.

ಆದರೆ ಆತನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಚಿತ್ರ. ಧಾನ್ಯ ಅಳೆಯುವವರ ಸಂಘಕ್ಕೆ ಸೇರಿದ ಸಭಾಗೃಹವೊಂದರ ನೆಲದಲ್ಲಿ, ಕ್ರಿಸ್ತಶಕ 3ನೆಯ ಶತಮಾನದ್ದೆಂದು ಹೇಳಲಾಗುವ ಚಿತ್ರ ಅದು. ನಡುವೆ ಕೊಳಗದಂತಹ ಅಳತೆಯ ಪಾತ್ರೆ, ಸುತ್ತ ಕೆಲಸಗಾರರು. ಅವರಲ್ಲೊಬ್ಬನ ಕೈಯಲ್ಲಿ ಧಾನ್ಯವನ್ನು ಮಟ್ಟ ಮಾಡುವ ಕೋಲು. ಆ ಕೋಲನ್ನು ಕಂಡೊಡನೆ ಆತನಿಗೆ ತನ್ನ ಹದಿನಾಲ್ಕನೆಯ ವಯಸ್ಸು ನೆನಪಾಯಿತು. ಮಂಡಿಯಲ್ಲಿ ಮೊದಲ ದಿನ ತಂದೆ ಕೈಗಿತ್ತುದು ತಕ್ಕಡಿಯಲ್ಲ, ಅಂತಹುದೇ ಒಂದು ಮಟ್ಟಗೋಲು. ಕೊಳ್ಳುವಾಗ ಕೋಲನ್ನು ಮೇಲೆತ್ತಿ ಎಳೆದರೆ ಒಂದು ಹಿಡಿ ಹೆಚ್ಚು ಬರುತ್ತದೆ. ಮಾರುವಾಗ ಹೆಬ್ಬೆರಳನ್ನು ಪಾತ್ರೆಯ ಒಳಗಿಟ್ಟು ಎಳೆದರೆ ಒಂದು ಹಿಡಿ ಉಳಿಯುತ್ತದೆ. ಎರಡನ್ನೂ ತಂದೆ ಮಾಡಿ ತೋರಿಸಿದರು. ತೋರಿಸಿ, ಇದು ಗಿರಾಕಿಗೆ ಗೊತ್ತಾಗುವುದಿಲ್ಲ, ಆದುದರಿಂದಲೇ ಮಾಡಬಾರದು ಎಂದರು. ಗೊತ್ತಾಗುವ ಹಾಗಿದ್ದರೆ ಹೇಳಿಕೊಡಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಸಾವಿರದ ಎಂಟುನೂರು ವರ್ಷಗಳ ಹಿಂದೆಯೂ ಊರಿನ ಅನ್ನ ಆ ಕೋಲು ಹಿಡಿದ ಕೈಯ ನೇರದ ಮೇಲೆ ನಿಂತಿತ್ತು ಎಂದುಕೊಂಡು ಆತನು ಬಹಳ ಹೊತ್ತು ಅಲ್ಲಿಯೇ ನಿಂತನು.

ಎರಡನೆಯ ಟಿಕೀಟಿನಲ್ಲಿ ಲಿದೊ ಚೆಂತ್ರೊ ನಿಲ್ದಾಣಕ್ಕೆ ಬಂದನು. ಅಲ್ಲಿಂದ ಕೆಲವು ನಿಮಿಷ ನಡೆದರೆ ಸಮುದ್ರದೊಳಕ್ಕೆ ಚಾಚಿಕೊಂಡ ಕಟ್ಟೆ. ಅದರ ಬುಡದಲ್ಲಿರುವ ಚೌಕಕ್ಕೆ ರವೆನ್ನಾದವರ ಚೌಕವೆಂದು ಹೆಸರು. ರವೆನ್ನಾ ಇಟಲಿಯ ಇನ್ನೊಂದು ಬದಿಯ ಕಡಲಿನ ಹತ್ತಿರದ ಊರು. ಓಸ್ತಿಯಾದ ಸುತ್ತಲಿನ ಪ್ರದೇಶವು ಶತಮಾನಗಳ ಕಾಲ ಜೌಗು ಹಿಡಿದು ಮಲೇರಿಯಾದ ಬೀಡಾಗಿತ್ತು. 1884ರ ನವೆಂಬರಿನಲ್ಲಿ ರವೆನ್ನಾದ ಸುಮಾರು 500 ಮಂದಿ ಕೂಲಿಕಾರರು, ತಾವೇ ಕಟ್ಟಿಕೊಂಡಿದ್ದ ಸಹಕಾರ ಸಂಘದ ಮೂಲಕ, ಆ ಜೌಗನ್ನು ಬಸಿದು ತೆಗೆಯಲು ಬಂದಿಳಿದರು. ಸೊಳ್ಳೆಯೇ ಆ ಜ್ವರದ ವಾಹಕವೆಂಬುದು ಇನ್ನೂ ಗೊತ್ತಿರದ ಕಾಲ ಅದು. 1890ರ ದಶಕದ ಕೊನೆಯಲ್ಲಿ ಮಾತ್ರ ಅದು ಸಿದ್ಧವಾಯಿತು. ಸಲಿಕೆ ಹಿಡಿದು ಕಾಲುವೆ ತೋಡಿದವರಲ್ಲಿ ಅನೇಕರು ಜ್ವರಕ್ಕೆ ಬಲಿಯಾದರು. ಇಂದು ಬಿಸಿಲಿಗೆ ಮೈಯೊಡ್ಡಿ ಮಲಗುವವರು ಕಾಲಿಟ್ಟು ಬರುವ ನೆಲ ಅವರು ಬಸಿದು ಕೊಟ್ಟದ್ದು.

ಚೌಕದಿಂದ ಆತನು ತಡಿಯ ರಸ್ತೆಯಲ್ಲಿ ನಡೆಯುತ್ತ ಹೊರಟನು. ಕಡಲು ಬಲಗಡೆಗಿದೆ, ಆದರೆ ಕಾಣುವುದಿಲ್ಲ! ಗೋಡೆ, ಬೇಲಿ, ಬಟ್ಟೆ ಬದಲಿಸುವ ಕೋಣೆಗಳ ಸಾಲು, ಉಪಾಹಾರಗೃಹ, ಮತ್ತೆ ಗೋಡೆ. ಸರಕಾರದಿಂದ ಪರವಾನಗಿ ಪಡೆದು ಕೊಡೆ, ಕುರ್ಚಿಗಳನ್ನು ಬಾಡಿಗೆಗೆ ಕೊಡುವ ಸ್ನಾನಗಟ್ಟೆಗಳು ಅವು. ಇಟಲಿಯ ಭಾಷೆಯಲ್ಲಿ ಕಡಲ ತಡಿಯ ರಸ್ತೆಗೆ ಲುಂಗೊಮಾರೆ ಎನ್ನುತ್ತಾರೆ. ಮಾರೆ ಎಂದರೆ ಕಡಲು. ಓಸ್ತಿಯಾದ ಜನ ಅದನ್ನು ಹಾಸ್ಯದಿಂದ ಲುಂಗೊಮೂರೊ ಎನ್ನುತ್ತಾರೆ. ಮೂರೊ ಎಂದರೆ ಗೋಡೆ. ನಗುವಿನೊಳಗೆ ನೋವನ್ನಿಟ್ಟು ಹೇಳುವ ಮಾತು ಅದು.

ಕಾನೂನು ಮಾತ್ರ ಬೇರೆಯೇ ಹೇಳುತ್ತದೆ. ಕ್ರಿಸ್ತಶಕ 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ನ್ಯಾಯಸಂಗ್ರಹದಲ್ಲಿಯೇ ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಸಮುದ್ರತೀರಗಳು ನಿಸರ್ಗದ ನಿಯಮದಿಂದ ಎಲ್ಲರಿಗೂ ಸೇರಿದವು ಎಂಬ ತತ್ತ್ವವಿದೆ. 1942ರ ಇಟಲಿಯ ನಾಗರಿಕ ಸಂಹಿತೆಯಂತೆ ಕಡಲ ದಂಡೆ ಸರಕಾರದ ಸ್ವತ್ತು. ಗುತ್ತಿಗೆಗೆ ಕೊಡಬಹುದು, ಮಾರುವಂತಿಲ್ಲ. 2006ರ ಡಿಸೆಂಬರಿನಲ್ಲಿ ಬಂದ ಕಾನೂನು ಇನ್ನಷ್ಟು ಸ್ಪಷ್ಟವಾಗಿದೆ: ಗುತ್ತಿಗೆದಾರನು ತನ್ನ ಜಾಗದ ಮೂಲಕ ನೀರಿನ ಅಂಚಿಗೆ ಹೋಗಲು, ಸ್ನಾನ ಮಾಡಲು ಯಾರಿಗೇ ಆಗಲಿ ಹಣ ಕೇಳದೆ ದಾರಿ ಬಿಡತಕ್ಕದ್ದು. ಬಾಡಿಗೆ ಕೊಡೆಗೆ, ಕುರ್ಚಿಗೆ; ಕಡಲಿಗೆ ಬಾಡಿಗೆಯಿಲ್ಲ. ಆದರೆ ಕಾನೂನು ಗೋಡೆಯನ್ನು ತಾನೇ ಹತ್ತಲಾರದು. 2015ರ ಆಗಸ್ಟಿನಲ್ಲಿ ಓಸ್ತಿಯಾವನ್ನೊಳಗೊಂಡ ರೋಮಿನ ಹತ್ತನೆಯ ವಿಭಾಗದ ಸ್ಥಳೀಯ ಆಡಳಿತವನ್ನೇ ಮಾಫಿಯಾ ಒಳನುಸುಳಿದೆಯೆಂಬ ಕಾರಣದಿಂದ ವಿಸರ್ಜಿಸಬೇಕಾಯಿತು. 2017ರ ನವೆಂಬರಿನಲ್ಲಿ ಚುನಾವಣೆ ನಡೆಯುವವರೆಗೆ ಸರಕಾರ ನೇಮಿಸಿದವರೇ ಆಡಳಿತ ನಡೆಸಿದರು.

ಗುತ್ತಿಗೆದಾರರಲ್ಲಿ ಒಳ್ಳೆಯವರಿಲ್ಲವೆಂದಲ್ಲ. ಮರಳನ್ನು ಗುಡಿಸುವವರು, ಮುಳುಗುವವರನ್ನು ಕಾಯುವ ಆಳುಗಳನ್ನು ಇಡುವವರು ಅವರೇ. ತಲೆಮಾರುಗಳಿಂದ ಅದನ್ನೇ ನಂಬಿ ಬದುಕಿದ ಕುಟುಂಬಗಳೂ ಇವೆ. ಆದರೆ ಚೆನ್ನಾಗಿ ನೋಡಿಕೊಂಡೆ ಎಂಬ ಕಾರಣಕ್ಕೆ ಅಡವಿಟ್ಟ ಒಡವೆ ಗಿರವಿ ಅಂಗಡಿಯವನದ್ದಾಗುವುದಿಲ್ಲ. ಇದನ್ನು ಅರಿಯದ ವರ್ತಕನಿಲ್ಲ.

ಬಿಸಿಲಿನಲ್ಲಿ ಅಲ್ಲಲ್ಲಿ ಕುಳಿತು ನಡೆದು, ಎರಡು ಗಂಟೆಗಳಿಗೂ ಹೆಚ್ಚು ಹೊತ್ತಿನ ಮೇಲೆ, ಆತನು ರೈಲಿನ ಕೊನೆಯ ನಿಲ್ದಾಣದ ಬಳಿಗೆ ಬಂದನು. ಅಲ್ಲಿಂದ 07 ಸಂಖ್ಯೆಯ ಬಸ್ಸು ಕಾಸ್ತೆಲ್ ಪೊರ್ತ್ಸಿಯಾನೊದ ದಂಡೆಗೆ ಹೋಗುತ್ತದೆ. ಅದು ಇಟಲಿಯ ರಾಷ್ಟ್ರಾಧ್ಯಕ್ಷರ ವಿಹಾರವನಕ್ಕೆ ಸೇರಿದ್ದ ತೀರ. ಜ್ಯುಸೆಪ್ಪೆ ಸರಗತ್ ಅವರು ಅಧ್ಯಕ್ಷರಾಗಿದ್ದಾಗ, 1960ರ ದಶಕದಲ್ಲಿ, ಅದರ ಒಂದು ಭಾಗವನ್ನು ರೋಮಿನ ಜನರ ಉಪಯೋಗಕ್ಕೆ ಬಿಟ್ಟುಕೊಟ್ಟರು. ಬಸ್ಸು ಕಿಕ್ಕಿರಿದಿತ್ತು. ಮಕ್ಕಳು, ಕೊಡೆಗಳು, ತಂಪುಪೆಟ್ಟಿಗೆಗಳು, ನಾನಾ ದೇಶಗಳ ಕೂಲಿಕಾರರು. ಹಳದಿಯ ಪೆಟ್ಟಿಗೆ ಆ ತುದಿಯಲ್ಲಿ. ಆತನು ಈ ತುದಿಯಲ್ಲಿ. ಮೂರನೆಯ ಟಿಕೀಟನ್ನು ಕೈಯಲ್ಲಿ ಹಿಡಿದೇ ಇದ್ದನು. ಸ್ವಲ್ಪ ಸಡಿಲವಾದ ಮೇಲೆ ಹೋಗೋಣವೆಂದುಕೊಂಡನು. ಅಷ್ಟರಲ್ಲಿ ಎಡೆಯಲ್ಲೊಮ್ಮೆ ಕಡಲು ಮಿಂಚಿತು, ಮಕ್ಕಳು ಕೂಗಿದರು, ಆತನೂ ಅತ್ತ ನೋಡಿದನು. ಬಸ್ಸು ನಿಂತಿತು, ಜನ ತಳ್ಳಿಕೊಂಡು ಇಳಿದರು, ಆತನೂ ಇಳಿದನು. ಟಿಕೀಟು ಜೇಬು ಸೇರಿತು.

ಮರಳಿನ ಗುಡ್ಡೆಗಳ ಆಚೆ ಗೋಡೆಯಿಲ್ಲದ ಕಡಲು. ಹಣವಿದ್ದವರೂ ಇಲ್ಲದವರೂ ತಂತಮ್ಮ ಬಟ್ಟೆ ಹಾಸಿ ಕುಳಿತಿದ್ದರು. ಆತನು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತನು. ಸಂಜೆಗೆ ಅದೇ ಬಸ್ಸು, ಅದೇ ರೈಲು. ಈ ಸಲ ಬಸ್ಸಿನಲ್ಲಿ ಜಾಗವಿತ್ತು, ಮುದ್ರೆ ಒತ್ತಿಸಿಯೇ ಕುಳಿತನು.

ರಾತ್ರಿ ಮಲಗುವ ಮುನ್ನ ಆ ದಿನದ ಜಮಾ ಖರ್ಚನ್ನು ಬರೆಯುವುದು ಆತನ ಜೀವಮಾನದ ಅಭ್ಯಾಸ. ಟಿಕೀಟು ಕೊಂಡದ್ದು ಐದು. ಖರ್ಚಾಗಬೇಕಾದದ್ದು ನಾಲ್ಕು. ಉಳಿಯಬೇಕಾದದ್ದು ಒಂದು. ಜೇಬಿನಿಂದ ತೆಗೆದಾಗ ಮುದ್ರೆ ಬೀಳದವು ಎರಡಿದ್ದವು. ಮೊದಲು ಆತನು ಅಂಗಡಿಯವನೇ ಒಂದನ್ನು ಹೆಚ್ಚಾಗಿ ಕೊಟ್ಟನೇನೋ ಎಂದುಕೊಂಡನು. ಆಮೇಲೆ ಬಸ್ಸು ನೆನಪಾಯಿತು.

ಮನಸ್ಸು ತಾನಾಗಿಯೇ ವಕೀಲಿ ಮಾಡತೊಡಗಿತು. ಬೇಕೆಂದು ಮಾಡಿದುದಲ್ಲ, ಯಂತ್ರ ದೂರವಿತ್ತು. ಬಸ್ಸು ಹೇಗೂ ಹೋಗುತ್ತಿತ್ತು, ಒಬ್ಬನ ಭಾರದಿಂದ ಯಾರಿಗೂ ನಷ್ಟವಿಲ್ಲ. ಒಂದೂವರೆ ಯುರೋ ಈ ಮಹಾನಗರಕ್ಕೆ ಯಾವ ಲೆಕ್ಕ? ಬೆಳಿಗ್ಗೆ ರೈಲು ತಡವಾಗಿ ಬಂದಿತ್ತಲ್ಲ, ಅದಕ್ಕೆ ಪರಿಹಾರ ಯಾರು ಕೊಟ್ಟರು? ಇಷ್ಟು ಹೊತ್ತಿಗೆ ಆತನಿಗೆ ನಗು ಬಂದಿತು, ನಗುವಿನ ಹಿಂದೆಯೇ ನಾಚಿಕೆಯೂ ಬಂದಿತು. ಮಧ್ಯಾಹ್ನ ಗೋಡೆಗಳ ಪಕ್ಕದಲ್ಲಿ ನಡೆಯುವಾಗ ಆತನು ಮನಸ್ಸಿನಲ್ಲಿಯೇ ಖಂಡಿಸಿದ ಮಾತುಗಳು ಇವೇ ಅಲ್ಲವೇ? ಸರಕಾರ ಸರಿಯಾಗಿ ನೋಡಿಕೊಳ್ಳುವುದಿಲ್ಲ, ಆದುದರಿಂದ ದಂಡೆ ನನ್ನದು ಎನ್ನುವನು ಗೋಡೆ ಕಟ್ಟಿದವನು. ಸರಕಾರ ಸರಿಯಾಗಿ ಓಡಿಸುವುದಿಲ್ಲ, ಆದುದರಿಂದ ಪ್ರಯಾಣ ಪುಕ್ಕಟೆ ಎನ್ನುವನು ಟಿಕೀಟಿಲ್ಲದವನು. ಒಬ್ಬನು ಕಟ್ಟಿದುದು ಕಲ್ಲಿನ ಗೋಡೆ, ಇನ್ನೊಬ್ಬನು ಜೇಬಿನಲ್ಲಿಟ್ಟುಕೊಂಡದ್ದು ಕಾಗದದ ತುಂಡು. ಪ್ರಮಾಣದಲ್ಲಿ ಅಜಗಜಾಂತರವಿದೆ, ನಿಜ. ಆದರೆ ಪಾತ್ರೆಯೊಳಗಿಟ್ಟ ಹೆಬ್ಬೆರಳು ಎರಡರಲ್ಲಿಯೂ ಒಂದೇ.

ಮರುದಿನ ಬೆಳಿಗ್ಗೆ ಆತನು ಊರೊಳಗಿನ ಬಸ್ಸನ್ನೇರಿ ನೇರವಾಗಿ ಹಳದಿಯ ಪೆಟ್ಟಿಗೆಯ ಬಳಿಗೆ ಹೋಗಿ ಎರಡು ಟಿಕೀಟುಗಳನ್ನೂ ಒಂದಾದ ಮೇಲೊಂದು ಒತ್ತಿಸಿದನು. ಪಕ್ಕದಲ್ಲಿ ಕುಳಿತಿದ್ದ ತರುಣಿಯೊಬ್ಬಳು ಪರದೇಶದ ಮುದುಕನು ತಿಳಿಯದೆ ತಪ್ಪು ಮಾಡಿದನೆಂದು ಕನಿಕರದಿಂದ ಒಂದು ಬೆರಳನ್ನೆತ್ತಿ ತೋರಿಸಿ, ಒಂದೇ ಸಾಕೆಂದು ತಿಳಿಸಿದಳು. ನಿನ್ನೆಯದು ಎಂದು ಹೇಳಲು ಆತನಿಗೆ ಅವಳ ಭಾಷೆ ಬಾರದು. ತಲೆಬಾಗಿ ನಮಸ್ಕರಿಸಿ ಕುಳಿತುಕೊಂಡನು.

ಆ ರೈಲು ಮಾರ್ಗದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪರಿಸರ ಸಂಸ್ಥೆಯೊಂದು ಪ್ರತಿವರ್ಷ ಹೊರಡಿಸುವ ವರದಿಯಲ್ಲಿ ಅದು ಇಟಲಿಯ ಅತ್ಯಂತ ದುಃಸ್ಥಿತಿಯ ಮಾರ್ಗಗಳಲ್ಲೊಂದೆಂದು ಅನೇಕ ಸಲ ಎಣಿಸಲ್ಪಟ್ಟಿತು. 2022ರ ಜುಲೈಯಲ್ಲಿ ನಗರದ ಸಂಸ್ಥೆಯಿಂದ ಪ್ರಾಂತದ ಸಂಸ್ಥೆಗಳ ಕೈಗೆ ಹೋಯಿತು, ಮೆತ್ರೊಮಾರೆ ಎಂಬ ಹೊಸ ಹೆಸರೂ ಬಂದಿತು. 2024ರಲ್ಲಿ ಅದಕ್ಕೆ ನೂರು ವರ್ಷ ತುಂಬಿತು. ದಂಡೆಯ ಗುತ್ತಿಗೆಗಳನ್ನು ಹರಾಜಿಲ್ಲದೆ ಮುಂದುವರಿಸಬಾರದೆಂದು ಇಟಲಿಯ ಉಚ್ಚ ಆಡಳಿತ ನ್ಯಾಯಾಲಯವು 2021ರ ನವೆಂಬರಿನಲ್ಲಿ ತೀರ್ಪಿತ್ತಿತು. ಆದರೂ ಸರಕಾರವು 2024ರಲ್ಲಿ ಅವುಗಳ ಅವಧಿಯನ್ನು 2027ರ ಸೆಪ್ಟೆಂಬರಿನವರೆಗೆ ಬೆಳೆಸಿತು. ದೊಡ್ಡ ಗೋಡೆಗಳು ಬೀಳಲು ಕಾಲ ಹಿಡಿಯುತ್ತದೆ.

ಗುಡಿಯ ಹುಂಡಿ, ಧರ್ಮಶಾಲೆಯ ಕೋಣೆ, ಊರ ಕೆರೆ, ಸಂಘದ ದುಡ್ಡು, ಇವುಗಳಿಗೂ ಒಡೆಯನು ಕಣ್ಣಿಗೆ ಕಾಣಿಸುವುದಿಲ್ಲ. ಅವುಗಳ ಬಳಿಯಲ್ಲಿ ನಿಂತಿರುವವನ ಕೈಯಲ್ಲಿ ಯಾವಾಗಲೂ ಒಂದು ಮಟ್ಟಗೋಲಿರುತ್ತದೆ. ಅದನ್ನು ನೇರವಾಗಿ ಎಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ವಾರೆಯಾಗಿ ಎಳೆಯುವುದೂ ಬೀಳುವುದಿಲ್ಲ. ಆ ದಿನದ ಖರ್ಚಿನ ಪುಸ್ತಕದಲ್ಲಿ ಆ ವೃದ್ಧನು ಬರೆದುದು ಒಂದೇ ಸಾಲು: ಬಸ್ಸಿನ ಬಾಕಿ, ಒಂದೂವರೆ ಯುರೋ, ಸಂದಾಯವಾಯಿತು.